ನಡುಗುವ 450 ಸೈಜಿನ ರಿಮೋಟ್ ಹೆಲಿಕಾಪ್ಟರ್: ಮೊದಲು ಏನು ಕೊಳ್ಳಬೇಕು, ಏನು ಬೇಡ

ಪ್ರಶ್ನೆ: ಮಂಗಳೂರಿನವರೊಬ್ಬರಿಂದ ಹಳೆಯ 450 ಸೈಜಿನ ಎಲೆಕ್ಟ್ರಿಕ್ ರಿಮೋಟ್ ಹೆಲಿಕಾಪ್ಟರ್ ಕೊಂಡೆ. ಟಿ-ರೆಕ್ಸ್ 450 ಎಂಬ ಮಾದರಿಯ ನಕಲು. ತಲೆಯ ಮೇಲೆ ಅಡ್ಡ ಕಡ್ಡಿ, ಅಂದರೆ ಫ್ಲೈಬಾರ್ ಇದೆ, ಬಾಲಕ್ಕೆ ಬೆಲ್ಟು, 3500 ಕೆವಿ ಮೋಟಾರು, ಅದರ ತುದಿಯಲ್ಲಿ 11 ಹಲ್ಲಿನ ಪಿನಿಯನ್ (ಸಣ್ಣ ಗೇರು), 3ಎಸ್ 2200 ಬ್ಯಾಟರಿ, ಮರದ ಬ್ಲೇಡು. ಅವರು ತೋರಿಸಿದ ವಿಡಿಯೊದಲ್ಲಿ ಚೆನ್ನಾಗಿ ಹಾರುತ್ತಿತ್ತು. ಬೆಂಗಳೂರಿಗೆ ತಂದ ಮೇಲೆ ಏಳುವುದಕ್ಕೇ ಹೆಣಗಾಡುತ್ತದೆ. ಇಡೀ ಮೈ ನಡುಗುತ್ತದೆ, ಬಾಲ ಎಡಕ್ಕೂ ಬಲಕ್ಕೂ ಅಲ್ಲಾಡುತ್ತದೆ, ನಾಲ್ಕೇ ನಿಮಿಷಕ್ಕೆ ಬ್ಯಾಟರಿ ಮುಗಿಯುತ್ತದೆ. ಅಂಗಡಿಯವರು ಅಲ್ಯೂಮಿನಿಯಂ ಹೆಡ್ಡು (ಬ್ಲೇಡು ಹಿಡಿಯುವ ತಲೆ) ಮತ್ತು 4ಎಸ್ ಬ್ಯಾಟರಿ ಹಾಕಿಸಿ ಎನ್ನುತ್ತಾರೆ. ಎಂಟು ಸಾವಿರ ರೂಪಾಯಿ ತೆಗೆದಿಟ್ಟಿದ್ದೇನೆ. ಯಾವುದರಿಂದ ಶುರು ಮಾಡಲಿ?

ಉತ್ತರ: 4ಎಸ್, ಅಂದರೆ ನಾಲ್ಕು ಸೆಲ್ಲಿನ ಬ್ಯಾಟರಿಯ ವಿಚಾರವನ್ನು ಇವತ್ತೇ ಕೈಬಿಡಿ. ಮಿಕ್ಕಿದ್ದನ್ನು ನಿಧಾನವಾಗಿ ನೋಡೋಣ, ಇದು ಮಾತ್ರ ಅಪಾಯದ ಸಲಹೆ.

ಲೆಕ್ಕ ಸುಲಭವಿದೆ. ಕೆವಿ ಎಂದರೆ ಒಂದು ವೋಲ್ಟಿಗೆ ಮೋಟಾರು ನಿಮಿಷಕ್ಕೆ ಎಷ್ಟು ಸುತ್ತು ಸುತ್ತುತ್ತದೆ ಎಂಬ ಅಂಕಿ. ನಿಮ್ಮದು 3500. 3ಎಸ್ ಬ್ಯಾಟರಿಯ 11.1 ವೋಲ್ಟಿನಿಂದ ಗುಣಿಸಿದರೆ 38,850. ಲೋಡ್ ಬಿದ್ದಾಗ ಅದರಲ್ಲಿ ಶೇ. 85ರಷ್ಟು ಉಳಿಯುತ್ತದೆ ಎಂದು ಹಿಡಿಯಿರಿ, ಸುಮಾರು 33,000. ಪಿನಿಯನ್‌ನಲ್ಲಿ 11 ಹಲ್ಲು, ಈ ಜಾತಿಯ ಹೆಲಿಯ ಮೇನ್ ಗೇರಿನಲ್ಲಿ 150 ಹಲ್ಲು. ಹಾಗಾಗಿ ಮೇಲಿನ ರೋಟರ್ ತಿರುಗುವುದು ನಿಮಿಷಕ್ಕೆ 2,420 ಸುತ್ತು. ಇದೇ ಮೋಟಾರು, ಇದೇ ಪಿನಿಯನ್ ಇಟ್ಟುಕೊಂಡು 4ಎಸ್ ಹಾಕಿದರೆ 3,230ರ ಹತ್ತಿರ ಹೋಗುತ್ತದೆ. ಬ್ಲೇಡನ್ನು ಹೊರಗೆಳೆಯುವ ಬಲ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ ಮೂರನೇ ಒಂದು ಭಾಗ ವೇಗ ಹೆಚ್ಚಿದರೆ ಎಳೆತ ಮುಕ್ಕಾಲು ಪಾಲಿಗಿಂತ ಹೆಚ್ಚಾಗುತ್ತದೆ. 325 ಮಿ.ಮೀ. ಬ್ಲೇಡು 28 ಗ್ರಾಂ ತೂಗುತ್ತದೆ, ತೂಕದ ಕೇಂದ್ರ ಶಾಫ್ಟಿನಿಂದ 19 ಸೆಂ.ಮೀ. ಆಚೆಗಿದೆ ಎಂದುಕೊಳ್ಳಿ. 2,420ರಲ್ಲೇ ಒಂದೊಂದು ಬ್ಲೇಡು ತನ್ನ ಬೋಲ್ಟನ್ನು 35 ಕಿಲೋ ತೂಕ ನೇತುಹಾಕಿದ ಹಾಗೆ ಎಳೆಯುತ್ತಿರುತ್ತದೆ. 4ಎಸ್‌ನಲ್ಲಿ ಅದು 60 ಕಿಲೋ ದಾಟುತ್ತದೆ. ಹಳೆಯ ಮರದ ಬ್ಲೇಡು, ಯಾರೋ ಬಿಗಿದ ಸ್ಕ್ರೂ, ಎಷ್ಟು ಸಲ ಬಿದ್ದಿದೆಯೋ ಗೊತ್ತಿಲ್ಲದ ಶಾಫ್ಟು, ಇವುಗಳ ಮೇಲೆ ಅಷ್ಟು ಭಾರ ಹೇರಬೇಡಿ. ಈಗಿನ ವೇಗದಲ್ಲೇ ಬ್ಲೇಡಿನ ತುದಿ ಗಂಟೆಗೆ 320 ಕಿ.ಮೀ. ಹತ್ತಿರ ಓಡುತ್ತಿರುತ್ತದೆ. 4ಎಸ್ ಬೇಕೇ ಬೇಕು ಎನ್ನುವವರು ಅದಕ್ಕೆ ತಕ್ಕ ಕಡಿಮೆ ಕೆವಿಯ ಮೋಟಾರನ್ನೂ ಜೊತೆಗೆ ಹಾಕುತ್ತಾರೆ. ಅದನ್ನು ಅಂಗಡಿಯವರು ಹೇಳಲಿಲ್ಲ.

ಇನ್ನು ಆ ವಿಡಿಯೊ. ಮಾರಿದವರು ನಿಮಗೆ ಮೋಸ ಮಾಡಿದ್ದಾರೆ ಎಂದು ನನಗನ್ನಿಸುವುದಿಲ್ಲ. ಮಂಗಳೂರು ಸಮುದ್ರದ ದಡದಲ್ಲಿದೆ, ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ. ಅಲ್ಲಿ 30 ಡಿಗ್ರಿ, ಇಲ್ಲಿ 25 ಡಿಗ್ರಿ ಸೆಕೆ ಇರುವ ದಿನ ಹೋಲಿಸಿದರೂ ಇಲ್ಲಿಯ ಗಾಳಿ ಸುಮಾರು ಶೇ. 9ರಷ್ಟು ತೆಳು. ಅದೇ ಪಿಚ್ಚು (ಬ್ಲೇಡಿನ ಓರೆ), ಅದೇ ವೇಗಕ್ಕೆ ಎತ್ತುವ ಶಕ್ತಿಯೂ ಅಷ್ಟೇ ಕಡಿಮೆ. ಏಪ್ರಿಲ್ ಮಧ್ಯಾಹ್ನದ 35 ಡಿಗ್ರಿಯಲ್ಲಿ ಇನ್ನೂ ಕೆಳಗಿಳಿಯುತ್ತದೆ. ಇದನ್ನು ತುಂಬಿಕೊಳ್ಳಲು ರೋಟರ್ ವೇಗವನ್ನು ಶೇ. 5ರಷ್ಟು ಏರಿಸಿದರೆ ಸಾಕು, ಅಂದರೆ 2,420ರ ಬದಲು 2,540ರ ಆಸುಪಾಸು. 12 ಹಲ್ಲಿನ ಪಿನಿಯನ್ ಹಾಕಿದರೆ 2,640 ಬರುತ್ತದೆ, ಉಳಿದದ್ದನ್ನು ರಿಮೋಟಿನಲ್ಲಿ ಸ್ಟಿಕ್ಕಿನ ಮಟ್ಟಕ್ಕೆ ಮೋಟಾರಿನ ಶಕ್ತಿ ಹೊಂದಿಸುವ ಥ್ರಾಟಲ್ ಕರ್ವ್‌ನಲ್ಲಿ ಇಳಿಸಿಕೊಳ್ಳಬಹುದು. ಬೆಂಗಳೂರು, ಮೈಸೂರಿನಲ್ಲಿ ಹಾರಿಸುವವರಿಗೆ ನನ್ನ ಪ್ರಕಾರ ಇದಕ್ಕಿಂತ ಅಗ್ಗದ ಅಪ್‌ಗ್ರೇಡ್ ಇಲ್ಲ. ಆದರೆ ಪಿನಿಯನ್ ಕೊನೆಗೆ. ನಡುಗುವ ಯಂತ್ರವನ್ನು ಇನ್ನೂ ಜೋರಾಗಿ ತಿರುಗಿಸಿದರೆ ನಡುಕವೂ ಜೋರಾಗುತ್ತದೆ.

ನಾಲ್ಕು ನಿಮಿಷದ ಬ್ಯಾಟರಿಗೆ ಬರೋಣ. ಇಲ್ಲಿ ಊಹೆ ಬೇಡ, ಚಾರ್ಜರೇ ಉತ್ತರ ಹೇಳುತ್ತದೆ. ನಾಲ್ಕು ನಿಮಿಷ ಹಾರಿಸಿ ಇಳಿಸಿ, ತಿರುಗಿ ಚಾರ್ಜ್ ಮಾಡುವಾಗ ಎಷ್ಟು ಎಂಎಎಚ್ (ಬ್ಯಾಟರಿ ತುಂಬುವ ವಿದ್ಯುತ್ತಿನ ಅಳತೆ, ನಿಮ್ಮದು 2200) ಒಳಗೆ ಹೋಯಿತು ನೋಡಿ. 1,750ರ ಸುತ್ತಮುತ್ತ ಹೋದರೆ ಹೆಲಿ ನಿಜವಾಗಿಯೂ ಅಷ್ಟು ತಿಂದಿದೆ. ನಾಲ್ಕು ನಿಮಿಷದಲ್ಲಿ ಅಷ್ಟೆಂದರೆ ಸರಾಸರಿ 26 ಆಂಪಿಯರ್, ಸುಮ್ಮನೆ ಗಾಳಿಯಲ್ಲಿ ನಿಲ್ಲಿಸುವುದಕ್ಕೆ ಇದು ವಿಪರೀತ. ಎಲ್ಲೋ ಉಜ್ಜುತ್ತಿದೆ ಎಂದರ್ಥ: ಗೇರು ಬಿಗಿ, ಬೆಲ್ಟು ಬಿಗಿ, ಇಲ್ಲವೇ ಬೇರಿಂಗ್ ಹೋಗಿದೆ. 1,000 ಅಥವಾ 1,100 ಮಾತ್ರ ಹೋದರೆ ಹೆಲಿಯದೇನೂ ತಪ್ಪಿಲ್ಲ, ಬ್ಯಾಟರಿ ಮುದಿಯಾಗಿದೆ. ಚಾರ್ಜರಿನಲ್ಲಿ ಒಳ ಪ್ರತಿರೋಧ ತೋರಿಸುವ ಸೌಲಭ್ಯವಿದ್ದರೆ ಒಂದೊಂದು ಸೆಲ್ಲನ್ನೂ ನೋಡಿ. ಸೆಲ್ಲಿಗೆ 20 ಮಿಲಿ ಓಮ್ ಬಂದರೆ ಮೂರಕ್ಕೆ 60 ಆಯಿತು. 20 ಆಂಪಿಯರ್ ಎಳೆದಾಗ 1.2 ವೋಲ್ಟು ಬ್ಯಾಟರಿಯೊಳಗೇ ಶಾಖವಾಗಿ ಹೋಗುತ್ತದೆ, ರೋಟರಿಗೆ 260 ಸುತ್ತು ಖೋತಾ. ‘ಏಳುವುದಕ್ಕೇ ಹೆಣಗಾಡುತ್ತದೆ’ ಎಂದು ಬರೆದಿದ್ದೀರಲ್ಲ, ಅದರ ಅರ್ಧ ಕಾರಣ ಇಲ್ಲೇ ಇರಬಹುದು. ಸೆಕೆಂಡ್ ಹ್ಯಾಂಡ್ ಹೆಲಿಯ ಜೊತೆ ಬರುವ ಬ್ಯಾಟರಿಯನ್ನು ನಾನು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಹೊಸದು ಕೊಂಡರೆ 1ಸಿ, ಅಂದರೆ 2.2 ಆಂಪಿಯರ್‌ನಲ್ಲಿ ಚಾರ್ಜ್ ಮಾಡಿ. ಶೇ. 80ಕ್ಕಿಂತ ಹೆಚ್ಚು ಖಾಲಿ ಮಾಡಬೇಡಿ. ಹಾರಿಸದ ದಿನಗಳಲ್ಲಿ ಸೆಲ್ಲಿಗೆ 3.8 ವೋಲ್ಟ್‌ನಲ್ಲಿ ಇಡಿ. ಫುಲ್ ಚಾರ್ಜ್ ಮಾಡಿ ಭಾನುವಾರಕ್ಕಾಗಿ ಕಾಯಿಸಿಡುವುದೇ ಹೆಚ್ಚಿನವರ ಬ್ಯಾಟರಿಯನ್ನು ಹಾಳು ಮಾಡುವುದು.

ಈಗ ನಡುಕ. ನಿಮ್ಮ ಸಮಯವೆಲ್ಲ ಹೋಗಬೇಕಾದದ್ದು ಇಲ್ಲಿ, ಹಣ ಹೆಚ್ಚು ಬೇಕಿಲ್ಲ. ಹೆಲಿಯಲ್ಲಿ ಮೂರು ವೇಗದಲ್ಲಿ ತಿರುಗುವ ಭಾಗಗಳಿವೆ. ಮೇಲಿನ ರೋಟರ್ ಸೆಕೆಂಡಿಗೆ 40 ಸುತ್ತು, ಬಾಲದ ರೋಟರ್ ಅದರ ನಾಲ್ಕೂಕಾಲು ಪಟ್ಟು, ಅಂದರೆ 170, ಮೋಟಾರು 550. ಪ್ರತಿಯೊಂದರ ನಡುಕ ಬೇರೆ ಬೇರೆ ಕಾಣುತ್ತದೆ. ಕಾಲಿನ ಸ್ಕಿಡ್ ಕಣ್ಣಿಗೆ ಕಾಣುವ ಹಾಗೆ ಕುಣಿದರೆ ಮೇಲಿನ ರೋಟರ್ ಕಡೆ ನೋಡಿ. ಬಾಲದ ರೆಕ್ಕೆಯ ಅಂಚು ಮಸುಕಾಗಿ ಎರಡೆರಡಾಗಿ ಕಂಡರೆ ಬಾಲದ ರೋಟರ್ ಅಥವಾ ಮೋಟಾರು.

ಮೊದಲು ಮೇಲಿನ ಬ್ಲೇಡು, ಬಾಲದ ಬ್ಲೇಡು ಎರಡನ್ನೂ ಬಿಚ್ಚಿ. ಹೆಲಿಯನ್ನು ಗಟ್ಟಿಯಾಗಿ ಹಿಡಿದಿಟ್ಟು ಅರ್ಧ ಥ್ರಾಟಲಿಗೆ ತನ್ನಿ. ಫ್ಲೈಬಾರಿನ ಪ್ಯಾಡಲ್‌ಗಳು ಆಗಲೂ ತಿರುಗುತ್ತಿರುತ್ತವೆ, ಮುಖ ದೂರವಿರಲಿ, ಕನ್ನಡಕ ಹಾಕಿಕೊಳ್ಳಿ. ಈಗಲೂ ನಡುಗಿದರೆ ತಪ್ಪು ಶಾಫ್ಟು, ಗೇರು, ಬೇರಿಂಗ್, ಫ್ಲೈಬಾರ್ ಇವುಗಳಲ್ಲಿದೆ. ನಡುಗದಿದ್ದರೆ ಬಾಲದ ಬ್ಲೇಡು ಮಾತ್ರ ಹಾಕಿ ನೋಡಿ. ಕೊನೆಗೆ ಮೇಲಿನದು. ಯಾವ ಹೆಜ್ಜೆಯಲ್ಲಿ ನಡುಕ ಬಂತೋ ಕಳ್ಳ ಅಲ್ಲಿದ್ದಾನೆ.

ಬಿದ್ದ ಹೆಲಿಯಲ್ಲಿ ಹೆಚ್ಚಿನ ಸಲ ಬಗ್ಗಿರುವುದು ಫೆದರಿಂಗ್ ಶಾಫ್ಟು, ಎರಡು ಬ್ಲೇಡ್ ಗ್ರಿಪ್‌ಗಳನ್ನು ಹೆಡ್ಡಿನ ಮೂಲಕ ಜೋಡಿಸುವ 3 ಮಿ.ಮೀ. ದಪ್ಪದ ಕಡ್ಡಿ. ಕಣ್ಣಿಗೆ ನೇರವಾಗಿಯೇ ಕಾಣುತ್ತದೆ. ಅದನ್ನು ಬಿಚ್ಚಿ ಮನೆಯ ಕನ್ನಡಿಯ ಮೇಲಿಟ್ಟು ಬೆರಳಿನಿಂದ ಉರುಳಿಸಿ. ಕಡ್ಡಿಗೂ ಅದರ ಪ್ರತಿಬಿಂಬಕ್ಕೂ ನಡುವೆ ಬೆಳಕಿನ ಗೆರೆ ಒಮ್ಮೆ ಅಗಲವಾಗಿ ಒಮ್ಮೆ ಕಿರಿದಾದರೆ ಅದು ಬಗ್ಗಿದೆ. ನೇರ ಮಾಡಲು ಹೋಗಬೇಡಿ, ಹೊಸದು ಹಾಕಿ. 5 ಮಿ.ಮೀ. ಮೇನ್ ಶಾಫ್ಟನ್ನೂ ಹೀಗೆಯೇ ನೋಡಿ. ಹೆಡ್ಡು ಬಿಚ್ಚಿದಾಗ ಒಳಗಿನ ರಬ್ಬರ್ ಡ್ಯಾಂಪರ್‌ಗಳನ್ನು ಒತ್ತಿ ನೋಡಿ. ಸವೆದು ಮೆತ್ತಗಾಗಿದ್ದರೆ ಗಾಳಿಯಲ್ಲಿ ನಿಂತಾಗ ಹೆಲಿ ಸೊಂಟ ಕುಣಿಸುತ್ತದೆ.

ಅಲ್ಲೇ ಥ್ರಸ್ಟ್ ಬೇರಿಂಗ್ ಸಿಗುತ್ತದೆ. ಎರಡು ಬಿಲ್ಲೆ, ಮಧ್ಯೆ ಗುಂಡುಗಳ ಉಂಗುರ. ಎರಡೂ ಬಿಲ್ಲೆ ಒಂದೇ ಥರ ಕಾಣುತ್ತವೆ, ಆದರೆ ಒಂದರ ತೂತು ಕೂದಲೆಳೆಯಷ್ಟು ದೊಡ್ಡದು. ಕಡ್ಡಿಗೆ ತೂರಿಸಿ ನೋಡಿದರೆ ಸಡಿಲವಾಗಿ ಆಡುವುದು ಅದೇ. ದೊಡ್ಡ ತೂತಿನದು ಹೆಡ್ಡಿನ ಕಡೆಗೆ, ಒಳಗೆ ಬರಬೇಕು, ಬಿಗಿಯಾಗಿ ಕೂರುವ ಸಣ್ಣ ತೂತಿನದು ಹೊರಗೆ, ಸ್ಕ್ರೂ ಕಡೆಗೆ. ತಿರುಗುಮುರುಗಾದರೆ ಆ 35 ಕಿಲೋ ಎಳೆತದಲ್ಲಿ ಗ್ರಿಪ್ ಸಲೀಸಾಗಿ ತಿರುಗುವುದಿಲ್ಲ, ಬ್ಲೇಡಿನ ಓರೆ ಬದಲಿಸುವ ಪುಟ್ಟ ಮೋಟಾರುಗಳಾದ ಸರ್ವೋಗಳು ಒದ್ದಾಡುತ್ತವೆ. ಕೈಯಲ್ಲಿ ತಿರುಗಿಸುವಾಗ ಎಲ್ಲ ಸರಿ ಇದ್ದ ಹಾಗೇ ಅನ್ನಿಸುತ್ತದೆ, ಅದೇ ತೊಂದರೆ. ಸೆಕೆಂಡ್ ಹ್ಯಾಂಡ್ ನಕಲು ಹೆಲಿ ಕೈಗೆ ಬಂದರೆ ನಾನು ಮೊದಲು ಬಿಚ್ಚಿ ನೋಡುವುದು ಇದನ್ನು. ಗ್ರೀಸ್ ಸವರಿ ಮತ್ತೆ ಜೋಡಿಸಿ, ಸ್ಕ್ರೂಗಳಿಗೆ ನೀಲಿ ಥ್ರೆಡ್ ಲಾಕ್ ಒಂದು ಹನಿ ಹಾಕಿ. ಲೋಹಕ್ಕೆ ಲೋಹ ಕೂರುವ ಕಡೆ ಮಾತ್ರ, ಪ್ಲಾಸ್ಟಿಕ್ಕಿಗೆ ತಗುಲಿದರೆ ಅದು ಸೀಳುತ್ತದೆ.

ಗೇರಿಗೆ ಒಂದು ಕಾಗದದ ಚೂರು ಸಾಕು. ಪಿನಿಯನ್ನಿಗೂ ಮೇನ್ ಗೇರಿಗೂ ನಡುವೆ ನೋಟ್‌ಬುಕ್ಕಿನ ಹಾಳೆಯ ಪಟ್ಟಿ ಸಿಕ್ಕಿಸಿ ಮೋಟಾರನ್ನು ಒತ್ತಿ ಬಿಗಿಯಿರಿ, ಆಮೇಲೆ ಪಟ್ಟಿಯನ್ನು ತೆಗೆಯಿರಿ. ಮೇನ್ ಗೇರು ಪೂರ್ತಿ ದುಂಡಗಿರುವುದಿಲ್ಲ, ಹಾಗಾಗಿ ಒಂದು ಸುತ್ತು ತಿರುಗಿಸಿ ತೀರಾ ಬಿಗಿಯಾಗುವ ಜಾಗದಲ್ಲಿ ಈ ಅಳತೆ ಕೂರಿಸಿ.

ಫ್ಲೈಬಾರಿನ ಕಡ್ಡಿ ಎರಡೂ ಬದಿಗೆ ಒಂದೇ ಉದ್ದ ಚಾಚಿರಬೇಕು, ಎರಡು ಪ್ಯಾಡಲ್‌ಗಳು ಒಂದಕ್ಕೊಂದು ಸಮಾಂತರವಾಗಿರಬೇಕು. ಒಂದು ಕಣ್ಣು ಮುಚ್ಚಿ ಪಕ್ಕದಿಂದ ನೋಡಿದರೆ ಗೊತ್ತಾಗುತ್ತದೆ. ಬೆಲ್ 47 ಹೆಲಿಕಾಪ್ಟರಿಗೆ ಆರ್ಥರ್ ಯಂಗ್ ಮಾಡಿದ ತೂಕದ ದಂಡ, ಸ್ಟ್ಯಾನ್ಲಿ ಹಿಲ್ಲರ್ ತಂದ ಪ್ಯಾಡಲ್, ಇವೆರಡರ ಸಂಸಾರವೇ ನಿಮ್ಮ ಹೆಲಿಯ ತಲೆಯ ಮೇಲಿರುವುದು. ಎಲೆಕ್ಟ್ರಾನಿಕ್ಸ್ ಏನೂ ಇಲ್ಲದೆ ಹೆಲಿಯನ್ನು ಹಿಡಿದಿಡುವ ಚಂದದ ಯಂತ್ರ. ಸಣ್ಣ ಜೋಡಣೆ ಕಡ್ಡಿಗಳಾದ ಲಿಂಕ್‌ಗಳು ಸಡಿಲವಾದರೆ ಮಾತ್ರ ಹೆಲಿ ನಿಂತಲ್ಲೇ ಸುತ್ತು ಹೊಡೆಯಲು ಶುರುಮಾಡುತ್ತದೆ.

ಬ್ಲೇಡುಗಳ ವಿಷಯದಲ್ಲಿ ತಕ್ಕಡಿಯಲ್ಲಿ ತೂಕ ಸಮ ಮಾಡಿದರೆ ಮುಗಿಯಿತು ಎಂದು ತುಂಬ ಜನ ತಿಳಿದಿದ್ದಾರೆ. ಮೊದಲು ಒಂದೊಂದು ಬ್ಲೇಡನ್ನೂ ಅಡ್ಡ ಅಂಚಿನ ಮೇಲೆ ತೂಗಿಸಿ ತೂಕದ ಕೇಂದ್ರ ಎಲ್ಲಿದೆ ಗುರುತು ಹಾಕಿ. ಎರಡರ ಗುರುತೂ ಬುಡದಿಂದ ಒಂದೇ ದೂರಕ್ಕೆ ಬರುವವರೆಗೆ ಬುಡಕ್ಕೋ ತುದಿಗೋ ಟೇಪ್ ಅಂಟಿಸಿ. ಆಮೇಲೆ ತೂಕ ನೋಡಿ, ಹಗುರವಾದದ್ದಕ್ಕೆ ಆ ಗುರುತಿನ ಮೇಲೆಯೇ ಟೇಪ್ ಹಾಕಿ. ಕ್ರಮ ತಪ್ಪಿದರೆ ಒಂದು ಸರಿಮಾಡುವಾಗ ಇನ್ನೊಂದು ಕೆಡುತ್ತದೆ. ಗ್ರಿಪ್‌ಗೆ ಬೋಲ್ಟ್ ಬಿಗಿಯುವಾಗ ಹೆಲಿಯನ್ನು ಪಕ್ಕಕ್ಕೆ ವಾಲಿಸಿದರೆ ಬ್ಲೇಡು ತಾನಾಗಿ ಬೀಳಬಾರದು, ಸ್ವಲ್ಪ ಅಲುಗಿಸಿದರೆ ಬೀಳಬೇಕು, ಅಷ್ಟೇ ಬಿಗಿ. ತುದಿಗಳಿಗೆ ಎರಡು ಬಣ್ಣದ ಟೇಪ್ ಸಮ ಅಳತೆಯಲ್ಲಿ ಅಂಟಿಸಿ, ಐದು ಮೀಟರ್ ದೂರ ನಿಂತು, ಹಾರುವ ವೇಗಕ್ಕೆ ತಂದು ನೋಡಿ. ಎರಡು ಬಣ್ಣ ಬೇರೆ ಬೇರೆ ಮಟ್ಟದಲ್ಲಿ ತಿರುಗಿದರೆ ಹೆಲಿಯನ್ನು ನಿಲ್ಲಿಸಿ, ಮೇಲೆ ತಿರುಗುವ ಬ್ಲೇಡಿನ ಲಿಂಕನ್ನು ಅರ್ಧ ಸುತ್ತಿನಂತೆ ಸರಿಮಾಡುತ್ತ ಬನ್ನಿ.

ಬಾಲ ಅಲ್ಲಾಡುವುದಕ್ಕೆ ಎಲ್ಲರೂ ಬಾಲವನ್ನು ನೇರ ಹಿಡಿಯುವ ಎಲೆಕ್ಟ್ರಾನಿಕ್ ಸಾಧನವಾದ ಗೈರೋವನ್ನು ಬೈಯುತ್ತಾರೆ. ಗೈರೋ ಮುಟ್ಟುವ ಮೊದಲು ಸರ್ವೋದ ಲಿಂಕ್ ಬಿಚ್ಚಿ, ಬಾಲದ ಬ್ಲೇಡಿನ ಓರೆ ಬದಲಿಸಲು ಜಾರುವ ಪಿಚ್ ಸ್ಲೈಡರನ್ನು ಬೆರಳಿನಲ್ಲಿ ಸರಿಸಿ ನೋಡಿ. ಆ ತುದಿಯಿಂದ ಈ ತುದಿಗೆ ಒಂದೇ ಸಮ ಜಾರಬೇಕು. ಮಧ್ಯದಲ್ಲಿ ಎಲ್ಲಾದರೂ ಹಿಡಿದರೆ ಎಷ್ಟು ದುಬಾರಿ ಗೈರೋ ಹಾಕಿದರೂ ಬಾಲ ಅಲ್ಲಾಡುತ್ತಲೇ ಇರುತ್ತದೆ: ಸರ್ವೋ ತಳ್ಳುತ್ತದೆ, ಸ್ಲೈಡರ್ ಹಿಡಿದುಕೊಂಡು ಆಮೇಲೆ ಥಟ್ಟನೆ ಜಾರುತ್ತದೆ, ಗೈರೋ ವಾಪಸ್ ಎಳೆಯುತ್ತದೆ. ಬಾಲದ ಶಾಫ್ಟು ನೇರ ಇದೆಯೇ, ಬೆಲ್ಟಿನ ಎರಡು ಎಳೆಗಳನ್ನು ಬೆರಳಲ್ಲಿ ಒತ್ತಿದರೆ ಒಂದಕ್ಕೊಂದು ತಾಗುತ್ತವೆಯೇ ನೋಡಿ. ತಾಗಿದರೆ ಸಡಿಲ. ಹಾಗೆಂದು ತಂತಿಯ ಹಾಗೆ ಎಳೆದರೆ ಬ್ಯಾಟರಿ ತಿನ್ನುತ್ತದೆ. ಫೆಬ್ರವರಿ, ಮಾರ್ಚ್‌ನ ಒಣ ಹವೆಯಲ್ಲಿ ಬೆಲ್ಟು ಉಜ್ಜಿ ಸ್ಥಾಯಿ ವಿದ್ಯುತ್ ಸೇರಿ, ಕಾರಣವಿಲ್ಲದೆ ಸರ್ವೋಗಳು ಬೆಚ್ಚುವುದೂ ಉಂಟು. ಬಾಲದ ಕೊಳವೆಯಾದ ಬೂಮಿನಿಂದ ಮೋಟಾರಿನ ಮೈಗೆ ಒಂದು ತಂತಿ ಎಳೆದರೆ ನಿಲ್ಲುತ್ತದೆ.

ಇಷ್ಟು ಸರಿಯಾದ ಮೇಲೆ ಗೈರೋ. ಮೊದಲು ದಿಕ್ಕು ನೋಡಿ: ಹೆಲಿಯನ್ನು ಕೈಯಲ್ಲಿ ಹಿಡಿದು ಮೂತಿಯನ್ನು ಎಡಕ್ಕೆ ತಿರುಗಿಸಿದಾಗ ಬಾಲದ ಸರ್ವೋ, ನೀವು ಸ್ಟಿಕ್ಕನ್ನು ಬಲಕ್ಕೆ ಒತ್ತಿದಾಗ ಹೋಗುವ ಕಡೆಗೇ ಹೋಗಬೇಕು. ಉಲ್ಟಾ ಇದ್ದರೆ ಎದ್ದ ತಕ್ಷಣ ಬುಗುರಿ. ಆಮೇಲೆ ಮೂತಿಯ ದಿಕ್ಕನ್ನು ನೆನಪಿಟ್ಟು ಹಿಡಿಯುವ ಹೆಡಿಂಗ್ ಹೋಲ್ಡ್ ಬಿಟ್ಟು, ತಿರುಗುವ ವೇಗವನ್ನಷ್ಟೇ ತಡೆಯುವ ರೇಟ್ ಮೋಡ್‌ಗೆ ಹಾಕಿ. ಸರ್ವೋ ಆರ್ಮ್ ಲಿಂಕಿಗೆ 90 ಡಿಗ್ರಿಯಲ್ಲಿರಲಿ. ಗಾಳಿಯಲ್ಲಿ ನಿಲ್ಲಿಸಿದಾಗ ಬಾಲ ಯಾವ ಕಡೆಗೆ ಜಾರುತ್ತದೋ ನೋಡಿ, ಇಳಿಸಿ, ಲಿಂಕಿನ ಉದ್ದ ಬದಲಿಸಿ. ರಿಮೋಟಿನ ಟ್ರಿಮ್ ಮುಟ್ಟಬೇಡಿ. ರೇಟ್ ಮೋಡಿನಲ್ಲಿ ಬಾಲ ಹೆಚ್ಚುಕಡಿಮೆ ನಿಂತ ಮೇಲೆ ಹೆಡಿಂಗ್ ಹೋಲ್ಡ್‌ಗೆ ವಾಪಸ್ ಬಂದು, ಬಾಲ ಪಟಪಟನೆ ವೇಗವಾಗಿ ಅಲ್ಲಾಡುವವರೆಗೆ ಗೇನ್ (ಗೈರೋ ಎಷ್ಟು ಜೋರಾಗಿ ತಿದ್ದಬೇಕು ಎಂಬ ಅಳತೆ) ಏರಿಸಿ, ಅಲ್ಲಿಂದ ಸ್ವಲ್ಪ ಇಳಿಸಿ. ತೀರಾ ಕಡಿಮೆ ಗೇನಿನಲ್ಲೇ ಪಟಪಟ ಶುರುವಾದರೆ ಸರ್ವೋ ಆರ್ಮಿನಲ್ಲಿ ಲಿಂಕ್ ಸಿಕ್ಕಿಸುವ ಗುಂಡನ್ನು ಒಂದು ತೂತು ಒಳಗೆ ತನ್ನಿ. ನಿಧಾನವಾಗಿ, ಲಯ ತಪ್ಪಿ ತೂಗಾಡಿದರೆ ಅದು ಗೇನ್ ಹೆಚ್ಚಾದದ್ದಲ್ಲ, ಸಡಿಲ ಲಿಂಕ್ ಅಥವಾ ಬೆಲ್ಟು.

ಈಗ ನಿಮ್ಮ ಎಂಟು ಸಾವಿರ. ಮೊದಲ ಖರ್ಚು ಸಣ್ಣ ಸಾಮಾನುಗಳಿಗೆ: ಎರಡು ಫೆದರಿಂಗ್ ಶಾಫ್ಟು, ಮೇನ್ ಶಾಫ್ಟು, ಡ್ಯಾಂಪರ್, ಥ್ರಸ್ಟ್ ಬೇರಿಂಗ್, ಬಾಲ್ ಲಿಂಕ್‌ಗಳು, ಬ್ಲೇಡಿನ ಓರೆ ಅಳೆಯಲು ಒಂದು ಪಿಚ್ ಗೇಜ್. ಎರಡನೆಯದು ಒಳ್ಳೆಯ ಬ್ಯಾಟರಿ. ಮೂರನೆಯದು 325 ಮಿ.ಮೀ. ಕಾರ್ಬನ್ ಅಥವಾ ಫೈಬರ್ ಬ್ಲೇಡು. ಮರದ ಬ್ಲೇಡು ತೇವಕ್ಕೆ ತೂಕ ಬದಲಿಸುತ್ತದೆ. ಕರಾವಳಿಯಲ್ಲಿ ಸಮ ಮಾಡಿದ ಜೋಡಿ ಇಲ್ಲಿಗೆ ಬಂದು ಒಣಗಿದಾಗ ಸಮವಾಗೇ ಉಳಿದಿದೆ ಎಂದು ನಂಬಬೇಡಿ. ಇದಾದ ಮೇಲೆ 12 ಹಲ್ಲಿನ ಪಿನಿಯನ್.

ದುಡ್ಡು ಉಳಿದರೆ ಬಾಲದ ಸರ್ವೋ ಮತ್ತು ಗೈರೋ. ಹಾರಾಟದಲ್ಲಿ ವ್ಯತ್ಯಾಸ ಎದ್ದು ಕಾಣುವುದು ಇಲ್ಲಿ. ಒಂದು ಕಾಲಕ್ಕೆ ಈ ಸೈಜಿಗೆ ಮನೆಮಾತಾಗಿದ್ದ ಫುಟಾಬಾ ಜಿವೈ401 ಗೈರೋ ಈಗ ಹಳೆಯದಾಗಿ ಸಿಗುತ್ತದೆ, ಇವತ್ತಿಗೂ ಫ್ಲೈಬಾರ್ ಹೆಲಿಗೆ ಧಾರಾಳ ಸಾಕು. ಅದರ ಮೇಲೆ ಡಿಎಸ್ ಎಂಬ ಪುಟ್ಟ ಸ್ವಿಚ್ ಇದೆ. ಡಿಜಿಟಲ್ ಸರ್ವೋ ಇದ್ದರೆ ಮಾತ್ರ ಆನ್ ಮಾಡಿ. ಅನಲಾಗ್ ಸರ್ವೋಗೆ ಆನ್ ಮಾಡಿದರೆ ಸುಟ್ಟುಹೋಗುತ್ತದೆ. ಡಿಜಿಟಲ್ ಸರ್ವೋಗಳಿಗೆ ಹೋಗುವುದಾದರೆ ರಿಸೀವರಿಗೆ ಕರೆಂಟ್ ಕೊಡುವ ಬಿಇಸಿ ಎಷ್ಟು ತಾಳುತ್ತದೆ ನೋಡಿ. ಮೋಟಾರಿನ ವೇಗ ನಿಯಂತ್ರಿಸುವ ಅಗ್ಗದ ಇಎಸ್‌ಸಿಯೊಳಗಿನ ಬಿಇಸಿ ನಾಲ್ಕು ಸರ್ವೋ ಒಟ್ಟಿಗೆ ಎಳೆದಾಗ ಕುಸಿಯುತ್ತದೆ, ರಿಸೀವರ್ ಒಂದು ಕ್ಷಣ ಸತ್ತು ಏಳುತ್ತದೆ. ಆ ಒಂದು ಕ್ಷಣ ಹೆಲಿ ಯಾರ ಮಾತನ್ನೂ ಕೇಳುವುದಿಲ್ಲ. 5 ಆಂಪಿಯರಿನ ಬೇರೆ ಬಿಇಸಿ ಹಾಕುವುದು ಬುದ್ಧಿವಂತಿಕೆ.

ಅಲ್ಯೂಮಿನಿಯಂ ಹೆಡ್ಡು ಪಟ್ಟಿಯಲ್ಲಿ ಇಲ್ಲ. ಅದು ಫೋಟೊದಲ್ಲಿ ಬಲು ಚೆನ್ನ. ಆದರೆ ಕಲಿಯುವಾಗ ಹೆಲಿ ಬಿದ್ದೇ ಬೀಳುತ್ತದೆ. ಪ್ಲಾಸ್ಟಿಕ್ ಗ್ರಿಪ್ ಮುರಿದು ಪೆಟ್ಟನ್ನು ತಾನು ತಿನ್ನುತ್ತದೆ, ಲೋಹದ್ದು ಮುರಿಯದೆ ಶಾಫ್ಟಿಗೂ ಗೇರಿಗೂ ದಾಟಿಸುತ್ತದೆ. ಅಗ್ಗದ ಲೋಹದ ಹೆಡ್ಡುಗಳಲ್ಲಿ ಬೇರಿಂಗ್ ಕೂರುವ ಗುಂಡಿಯ ಅಳತೆಯೇ ಸರಿಯಿರುವುದಿಲ್ಲ, ಹೊಸದರಲ್ಲೇ ಆಡುತ್ತದೆ. ಲೂಪ್, ರೋಲ್ ಹೊಡೆಯುವ ಕಾಲ ಬಂದಾಗ ಯೋಚಿಸೋಣ.

ರಿಮೋಟಿನಲ್ಲಿ ಹೆಚ್ಚು ಕೆಲಸವಿಲ್ಲ. ಸ್ಟಿಕ್ ಮಧ್ಯದಲ್ಲಿದ್ದಾಗ ಸರ್ವೋ ಆರ್ಮ್‌ಗಳು ಸಮತಟ್ಟು, ಸರ್ವೋಗಳ ಚಲನೆಯನ್ನು ಬ್ಲೇಡಿಗೆ ದಾಟಿಸುವ ಬಿಲ್ಲೆಯಾದ ಸ್ವಾಶ್‌ಪ್ಲೇಟ್ ಶಾಫ್ಟಿಗೆ ನೇರ ಅಡ್ಡ ಇರುವ ಹಾಗೆ ಲಿಂಕಿನಲ್ಲೇ ಹೊಂದಿಸಿ. ಪಿಚ್ ಗೇಜ್ ಇಟ್ಟು ಕೆಳಗೆ ಮೈನಸ್ 2, ಮಧ್ಯಕ್ಕೆ ಪ್ಲಸ್ 5, ಮೇಲೆ ಪ್ಲಸ್ 10 ಡಿಗ್ರಿ ಬರುವ ಕರ್ವ್ ಹಾಕಿ. ಬೆಂಗಳೂರಿನ ಗಾಳಿಗೆ ಮಧ್ಯದ ಅಂಕಿಯನ್ನು ಅರ್ಧ ಡಿಗ್ರಿ ಏರಿಸಬೇಕಾಗಬಹುದು. ಗಾಳಿಯಲ್ಲಿ ನಿಂತಾಗ ಥ್ರಾಟಲ್ ಶೇ. 70ರ ಆಸುಪಾಸು ಇರಲಿ. ಅರ್ಧ ಥ್ರಾಟಲಿನಲ್ಲೇ ಓಡಿಸುತ್ತ ಹೋದರೆ ಇಎಸ್‌ಸಿ ಬಿಸಿಯಾಗುತ್ತದೆ. ಇಳಿಸಿದ ತಕ್ಷಣ ಮೋಟಾರು, ಇಎಸ್‌ಸಿ, ಬ್ಯಾಟರಿ ಮೂರನ್ನೂ ಮುಟ್ಟಿ. ಬೆರಳನ್ನು ಐದು ಸೆಕೆಂಡು ಇಟ್ಟಿರಲಾಗದಷ್ಟು ಬಿಸಿಯಾಗಿದ್ದರೆ ಇನ್ನೊಂದು ಬ್ಯಾಟರಿ ಹಾಕಬೇಡಿ, ಎಲ್ಲಿ ಉಜ್ಜುತ್ತಿದೆ ಹುಡುಕಿ.

ಫ್ಲೈಬಾರ್ ತೆಗೆದು, ಅದರ ಕೆಲಸವನ್ನು ಎಲೆಕ್ಟ್ರಾನಿಕ್ಸಿಗೆ ಒಪ್ಪಿಸಿ ಫ್ಲೈಬಾರ್‌ಲೆಸ್ ಮಾಡಿಸಲೇ ಎಂಬುದು ನಿಮ್ಮ ಮುಂದಿನ ಪ್ರಶ್ನೆಯಾಗುತ್ತದೆ, ಎಲ್ಲರೂ ಅಲ್ಲಿಗೆ ಬರುತ್ತಾರೆ. ಬ್ಯಾಟರಿ ಉಳಿಯುತ್ತದೆ, ಹೆಲಿ ಚುರುಕಾಗುತ್ತದೆ ನಿಜ. ರೋಟರ್‌ಫ್ಲೈಟ್ ಎಂಬ ಮುಕ್ತ ತಂತ್ರಾಂಶ ರೋಟರಿನ ವೇಗವನ್ನು ಓದಿಕೊಂಡು ಅದೇ ವೇಗದ ನಡುಕವನ್ನು ಸೋಸಿ ತೆಗೆಯುವಷ್ಟು ಮುಂದೆ ಹೋಗಿದೆ. ಆದರೆ ಹೊಸ ಹೆಡ್ಡು, ಕಂಟ್ರೋಲರ್, ವೇಗದ ಸರ್ವೋಗಳು ಎಲ್ಲ ಸೇರಿದರೆ ಹಳೆಯ ನಕಲಿನ ಮೇಲೆ ಹೊಸ ಹೆಲಿಯ ದುಡ್ಡು ಸುರಿದ ಹಾಗೆ. ಬಿಚ್ಚಿ ಜೋಡಿಸುವುದರಲ್ಲಿ ನಿಮಗೆ ಖುಷಿಯಿಲ್ಲ, ಹಾರಿಸಿದರೆ ಸಾಕು ಎಂದಿದ್ದರೆ ಈ 450ಯನ್ನು ಮಾರಿ ಓಎಂಪಿ ಎಂ2 ಥರದ್ದು ಕೊಳ್ಳಿ. ಮೋಟಾರು ನೇರವಾಗಿ ರೋಟರನ್ನೇ ತಿರುಗಿಸುತ್ತದೆ, ಗೇರೂ ಇಲ್ಲ ಬೆಲ್ಟೂ ಇಲ್ಲ.

ಎಲ್ಲಿ ಹಾರಿಸುತ್ತೀರಿ ಎಂದು ಬರೆದಿಲ್ಲ. ನಿಮ್ಮ ಹೆಲಿ 250 ಗ್ರಾಂ ದಾಟುವುದರಿಂದ 2021ರ ಡ್ರೋನ್ ನಿಯಮಗಳ ಪ್ರಕಾರ ನ್ಯಾನೊ ಎಂಬ ಅತಿ ಹಗುರ ವರ್ಗದಲ್ಲಿ ಬರುವುದಿಲ್ಲ. ಯಲಹಂಕ, ಜಕ್ಕೂರು, ಎಚ್‌ಎಎಲ್, ಕೆಂಪೇಗೌಡ ವಿಮಾನ ನಿಲ್ದಾಣ, ಬೆಂಗಳೂರಿನಲ್ಲಿ ಯಾವ ಕಡೆ ಹೋದರೂ ಒಂದಲ್ಲ ಒಂದರ ಹತ್ತಿರ ಇರುತ್ತೀರಿ. ಡ್ರೋನ್ ಎಲ್ಲಿ ಹಾರಿಸಬಹುದೆಂದು ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಹಸಿರು ಬಣ್ಣವಿರುವ ಮೈದಾನ ನೋಡಿಕೊಳ್ಳಿ, ಕ್ರಿಕೆಟ್ ಆಡುವ ಹುಡುಗರಿಲ್ಲದ ಹೊತ್ತಿಗೆ ಹೋಗಿ.

ಇಷ್ಟೆಲ್ಲ ಮಾಡಿದ ಮೇಲೂ ಬಾಲ ನಿಲ್ಲದಿದ್ದರೆ ಮೊಬೈಲಿನ ಸ್ಲೋ ಮೋಷನ್‌ನಲ್ಲಿ ಬಾಲದ ಸ್ಲೈಡರ್ ಕಾಣುವ ಹಾಗೆ ಪಕ್ಕದಿಂದ ವಿಡಿಯೊ ಮಾಡಿಸಿ ಕಳಿಸಿ. ಗೈರೋದ ಹೆಸರು, ಗೇನ್ ಎಷ್ಟಿಟ್ಟಿದ್ದೀರಿ, ಚಾರ್ಜ್ ಮಾಡುವಾಗ ಎಷ್ಟು ಎಂಎಎಚ್ ಹೋಯಿತು, ಈ ಮೂರನ್ನೂ ಜೊತೆಗೆ ಬರೆಯಿರಿ.